ಒಂದು ಗುಂಡು ಕಡಿಮೆ

ಬಂದೂಕು ತೆಗೆದುಕೊಂಡು ವಿಮಾನ ಹತ್ತಬಹುದು. ಆಂಡರ್ಸನ್‌ಪೇಟೆಯ ಆಟೋ ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದಾಗ ಒಬ್ಬನೂ ನಂಬಲಿಲ್ಲ. "ನನ್ ನೇಲ್ ಕಟ್ರೇ ಕಿತ್ಕೊಂಡ್ರು, ಬಂದೂಕು ಬಿಡ್ತಾರಾ? ಸುಮ್ಕಿರ್ಲಾ," ಅಂದ, ಒಂದು ಸಲ ದುಬೈಗೆ ಹೋಗಿ ಬಂದಿದ್ದವನು. ಬಿಡುತ್ತಾರೆ. ಸುಮ್ಮನೆ ಬಿಡುವುದಿಲ್ಲ, ಅಷ್ಟೇ. ಹೇಗೆ ಬಿಡುತ್ತಾರೆ, ನಮ್ಮದು ಎಲ್ಲಿ ಸಿಕ್ಕಿಹಾಕಿಕೊಂಡಿತು, ಅದನ್ನು ಬರೆಯುತ್ತೇನೆ.

ಬಂದೂಕು ನನ್ನದಲ್ಲ, ಅಕ್ಕನದು. ಅಕ್ಕ ನನ್ನ ಒಡಹುಟ್ಟಿದವಳೂ ಅಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯವರ ಮನೆಸಾಲಿನಲ್ಲಿ, ನಮ್ಮ ಲೈನಿನ ಕೊನೆಯ ಮನೆಯವಳು, ಸ್ಕೂಲ್ ಟೀಚರ್. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎರಡು ತೋಳಿನಲ್ಲೂ ಬಲ ಉಳಿಯಲಿಲ್ಲ. ಬೆರಳುಗಳು ಆಡುತ್ತವೆ, ಭಾರ ಎತ್ತಲು ಆಗುವುದಿಲ್ಲ. ಅಂಥವರಿಗೆ ಶೂಟಿಂಗಿನಲ್ಲಿ ಬೇರೆ ವಿಭಾಗ ಇದೆ. ರೈಫಲ್ಲನ್ನು ಸ್ಪ್ರಿಂಗಿನ ಸ್ಟ್ಯಾಂಡ್ ಮೇಲೆ ಕೂರಿಸುತ್ತಾರೆ. ಕೆನ್ನೆ ಒತ್ತುವುದು, ಗುರಿ ಹಿಡಿಯುವುದು, ಟ್ರಿಗರ್ ಎಳೆಯುವುದು ಶೂಟರ್ ಕೆಲಸ. ಪ್ರತಿ ಸಲ ಗುಂಡು ತುಂಬಿ ನಳಿಗೆಯ ಹಿಂಬದಿಯ ಬೋಲ್ಟ್ ಮುಚ್ಚುವುದಕ್ಕೆ ಪಕ್ಕದಲ್ಲಿ ಒಬ್ಬ ಕೂರಬಹುದು. ಅವನಿಗೆ ಲೋಡರ್ ಅನ್ನುತ್ತಾರೆ. ಮೊದಲು ನಾನು ಅವಳನ್ನು ಆಟೋದಲ್ಲಿ ರೈಲ್ವೆ ಸ್ಟೇಷನ್ನಿಗೆ ಬಿಡುತ್ತಿದ್ದೆ. ಆಮೇಲೆ ರೈಫಲ್ ಕೇಸು ಹೊರಲು ಬೆಂಗಳೂರಿನ ಶೂಟಿಂಗ್ ರೇಂಜಿನವರೆಗೂ ರೈಲು ಹತ್ತಿದೆ. ಆಮೇಲೆ, ಸುಮ್ಮನೆ ಯಾಕೆ ಕೂರುವುದು ಅಂತ, ಗುಂಡು ತುಂಬಲು ಕುಳಿತೆ. ಹಾಗೆ ನಾನು ಲೋಡರ್ ಆದೆ.

ಗುಂಡಿನ ವಿಷಯ ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಹುಚ್ಚಾಟ ಅನ್ನಿಸುತ್ತದೆ. ನಮ್ಮದು ಪಾಯಿಂಟ್ ಟೂ ಟೂ ರೈಫಲ್. ಗುಂಡು ಕಿರುಬೆರಳ ತುದಿಗಿಂತ ಸ್ವಲ್ಪ ಉದ್ದ, ಅಷ್ಟೇ. ಒಂದೇ ಕಂಪನಿ, ಒಂದೇ ಬಣ್ಣದ ಡಬ್ಬಿ ಇದ್ದರೂ ಒಂದು ಲಾಟಿನ, ಅಂದರೆ ಒಂದೇ ಸಲ ತಯಾರಾದ ಗುಂಡು ಒಂದು ರೈಫಲ್ಲಿಗೆ ಒಗ್ಗುತ್ತದೆ, ಇನ್ನೊಂದು ಲಾಟ್ ಒಗ್ಗುವುದಿಲ್ಲ. ಯಾಕೆ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ರೈಫಲ್ಲನ್ನು ಬೆಂಚಿಗೆ ಬಿಗಿದು, ಒಂದೊಂದು ಲಾಟನ್ನೂ ಹೊಡೆದು ನೋಡಿದೆವು. ಕೆಲವು ಲಾಟಿನ ಗುಂಡುಗಳು ಕಾಗದದ ಮೇಲೆ ಚೆಲ್ಲಿದ ಹಾಗೆ ಬಿದ್ದವು. ಒಂದು ಲಾಟ್ ಮಾತ್ರ ಒಂದೇ ತೂತಿನಲ್ಲಿ ಹೋಯಿತು. ಹತ್ತು ಗುಂಡಿನ ತೂತು ಕಡ್ಲೆಕಾಯಿ ಬೀಜದಷ್ಟಿತ್ತು. ಆ ಲಾಟಿನಲ್ಲಿ ಅಂಗಡಿಯಲ್ಲಿ ಉಳಿದಿದ್ದು ಆರು ಡಬ್ಬಿ. ಆರನ್ನೂ ಅಕ್ಕನ ಲೈಸೆನ್ಸ್ ಮೇಲೆ ತೆಗೆದುಕೊಂಡೆವು. ಡಬ್ಬಿಗೆ ಐವತ್ತರಂತೆ ಮುನ್ನೂರು ಗುಂಡು. ಪ್ರ್ಯಾಕ್ಟೀಸಿಗೆ ಬೇರೆ ಗುಂಡು ಹೊಡೆಯುತ್ತಿದ್ದೆವು, ಇವನ್ನು ಮುಟ್ಟಲಿಲ್ಲ.

ಮ್ಯಾಚ್ ಕ್ರೊಯೇಷಿಯಾದಲ್ಲಿ. ಅಲ್ಲಿ ಒಂದು ಕನಿಷ್ಠ ಸ್ಕೋರ್ ಮುಟ್ಟಿದರೆ ಅಕ್ಕನಿಗೆ ಮುಂದಿನ ವರ್ಷದ ತಂಡದಲ್ಲಿ ಜಾಗ. ಮುಟ್ಟದಿದ್ದರೆ ಜಾಗ ಇಲ್ಲ, ಮತ್ತೆ ಮೊದಲಿನಿಂದ. ನಮ್ಮ ದೇಶದ ಮ್ಯಾಚುಗಳಲ್ಲಿ ಅವಳಿಗೆ ಸದಾ ಒಂದು ಕೂದಲೆಳೆ ಕಡಿಮೆ ಬೀಳುತ್ತಿತ್ತು. ಈ ಲಾಟ್ ಸಿಕ್ಕ ಮೇಲೆ ನಮಗೆ ಧೈರ್ಯ ಬಂದಿತ್ತು.

ಕಾಗದದ ಕೆಲಸವನ್ನೆಲ್ಲ ಸರ್ ಮಾಡಿದರು. ಸರ್ ಅಂದರೆ ನಮ್ಮ ಕೋಚ್. ಬಂಗಾರಪೇಟೆಯವರು, ರೈಲ್ವೆಯಲ್ಲಿ ರಿಟೈರ್ ಆದವರು. ಅವರೂ ಹಳೇ ಶೂಟರ್, ಅದೇ ಬೋರಿನ, ಅಂದರೆ ಅದೇ ಅಳತೆಯ ಗುಂಡಿನ ಲೈಸೆನ್ಸ್ ಅವರ ಹತ್ತಿರವೂ ಇದೆ. ಮ್ಯಾಚ್ ನಡೆಸುವವರ ಆಹ್ವಾನದ ಪತ್ರದಲ್ಲಿ ರೈಫಲ್ಲಿನ ನಂಬರು, ಗುಂಡಿನ ಸಂಖ್ಯೆ ಇರಬೇಕು. ಆ ದೇಶದ ಪೊಲೀಸರ ಅನುಮತಿ ಬೇಕು. ಏರ್‌ಲೈನಿನವರು ಒಪ್ಪಬೇಕು. ನಡುವೆ ಗಲ್ಫಿನಲ್ಲಿ ವಿಮಾನ ಬದಲಿಸುತ್ತೇವೆ, ನಾವು ಕೆಳಗಿಳಿದು ಬಂದೂಕು ಮುಟ್ಟದಿದ್ದರೂ ಅವರ ಅನುಮತಿ ಬೇಕು, ಅದೂ ಆ ತಾರೀಖಿಗೆ, ಆ ವಿಮಾನಕ್ಕೆ ಮಾತ್ರ. ಅದು ಬರುವುದು ಕೊನೆಯ ವಾರದವರೆಗೂ ಎಳೆಯಿತು. ಸರ್ ದಿನಾ ಬೆಳಿಗ್ಗೆ ಮೇಲ್ ತೆರೆದು ನೋಡಿ ನನಗೆ ಫೋನ್ ಮಾಡಿ ಬೈಯುತ್ತಿದ್ದರು. ಗಲ್ಫಿನವರನ್ನು ಬೈಯಲು ಆಗದಿದ್ದಕ್ಕೆ ನನ್ನನ್ನು ಬೈಯುತ್ತಿದ್ದರು.

ಪ್ಯಾಕಿಂಗ್ ನನ್ನ ಕೆಲಸ. ರೈಫಲ್ಲಿನಿಂದ ಬೋಲ್ಟ್ ಬಿಚ್ಚಿ ತೆಗೆಯಬೇಕು. ರೈಫಲ್ ಗಟ್ಟಿ ಕೇಸಿನಲ್ಲಿ, ಎರಡೂ ಕಡೆ ಬೀಗ. ಗುಂಡು ಅದೇ ಕೇಸಿನಲ್ಲಿ ಇರುವಂತಿಲ್ಲ. ಕಂಪನಿಯ ಡಬ್ಬಿಯಲ್ಲೇ ಇರಬೇಕು, ಆ ಡಬ್ಬಿಗಳು ಇನ್ನೊಂದು ಗಟ್ಟಿ ಪೆಟ್ಟಿಗೆಯಲ್ಲಿ, ಅದಕ್ಕೆ ಬೇರೆ ಬೀಗ. ತೂಕ ಐದು ಕೆಜಿ ದಾಟುವಂತಿಲ್ಲ. ಬೆಂಗಳೂರಿನಲ್ಲಿ ಸಿಗುವ ಪೆಟ್ಟಿಗೆ ನೋಡಿದೆ, ಇಷ್ಟವಾಗಲಿಲ್ಲ. ಆಂಡರ್ಸನ್‌ಪೇಟೆಯ ಟ್ರಂಕ್ ಅಂಗಡಿಯಲ್ಲಿ ಹೇಳಿ ಚಿಕ್ಕ ತಗಡಿನ ಟ್ರಂಕ್ ಮಾಡಿಸಿದೆ. ಮಕ್ಕಳ ಆಟದ ಸಾಮಾನಿನ ಹಾಗಿತ್ತು. ಆದರೆ ಕಾಲಲ್ಲಿ ತುಳಿದರೂ ಬಗ್ಗುತ್ತಿರಲಿಲ್ಲ. ನಾನು ತುಳಿದು ನೋಡಿದ್ದೇನೆ.

ಹೊರಡುವ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಅವ್ವ ಸಾಮಾನನ್ನೆಲ್ಲ ಪೂಜೆಗೆ ಇಟ್ಟಳು. ನಮ್ಮ ಕಡೆ ಅಜ್ಜಿಗೆ ಅವ್ವ ಅನ್ನುತ್ತೇವೆ. ಕಾಮಸಮುದ್ರದ ಕಡೆಯಿಂದ ಮದುವೆಯಾಗಿ ಬಂದವಳು. ಮಾತಿನಲ್ಲಿ ಅಲ್ಲಲ್ಲಿ ತೆಲುಗು. ಅವಳ ಗಂಡ, ಅಂದರೆ ಅಕ್ಕನ ತಾತ, ಗಣಿಯಲ್ಲಿ ಒಳಗಿಳಿಯುವ ಕೆಲಸದಲ್ಲಿದ್ದವನು.

"ಲೇ, ಆ ಟ್ರಂಕು ತಗ್ದು ಇಲ್ಲಿ ಮಡಗು. ಬೀಗ ಆಕ್ಬೇಡ," ಅಂದಳು.

"ಅವ್ವ, ಇದು ಆಟದ ಸಾಮಾನಲ್ಲ."

"ಅವ್ಳ ತಾತ ಒಳ್ಗಡೆ ಡೈನಮೈಟು ಸಿಡಿಸ್ತಿದ್ದೋನು. ನಂಗೇಳ್ಕೊಡ್ತೀಯೇನ್ರಾ? ಎಣ್ಣೆ ಕೈ ಇಟ್ಕೊಂಡು ದೇವ್ರ ಮುಂದೆ ನಿಂತವ್ನೆ. ಓಗು, ತೊಳ್ಕೊಂಡ್ ಬಾ."

ಬೋಲ್ಟಿಗೆ ಎಣ್ಣೆ ಹಾಕಿದ್ದೆ, ಕೈ ಎಣ್ಣೆಯಾಗಿದ್ದು ನಿಜ. ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಟ್ರಂಕಿಗೆ, ರೈಫಲ್ ಕೇಸಿಗೆ, ಸ್ಪ್ರಿಂಗ್ ಸ್ಟ್ಯಾಂಡಿನ ಚೀಲಕ್ಕೆ ಕುಂಕುಮ ಇಟ್ಟಾಗಿತ್ತು. ರೈಫಲ್ಲಿಗೂ ಇಡಲು ಹೋದಳು, ಅಕ್ಕ ಬಿಡಲಿಲ್ಲ. ಪುಡಿ ಒಳಗೆ ಹೋದರೆ ಕೆಲಸ ಕೆಡುತ್ತದೆ. ನಾನು ಡಬ್ಬಿ ಆರಿವೆ ಅಂತ ನೋಡಿಕೊಂಡು ಟ್ರಂಕಿಗೆ ಬೀಗ ಹಾಕಿದೆ, ಕೀಲಿ ಅಕ್ಕನ ಕೊರಳಿಗೆ ಹಾಕಿದೆ.

ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಬಂಗಾರಪೇಟೆಯಲ್ಲಿ ಸರ್ ರಸ್ತೆಗೇ ಬಂದು ನಿಂತಿದ್ದರು. ಹೊಸ ಶೂ, ಹೊಸ ಸ್ವೆಟರ್. ಅವರೂ ಯಾವತ್ತೂ ಹೊರದೇಶ ನೋಡಿದವರಲ್ಲ. ಹತ್ತಿದ ಕೂಡಲೇ ನನ್ನನ್ನು ಹಿಡಿದರು.

"ಪಾಸ್‌ಪೋರ್ಟ್ ಇಟ್ಕೊಂಡಿದೀಯೇನೋ? ಆಟೋ ಲೈಸೆನ್ಸ್ ತೋರ್ಸಿದ್ರೆ ವಿಮಾನ ಅತ್ಸಲ್ಲ."

"ಇದೆ ಸರ್."

"ಬಾಯಿ?"

"ಬಾಯಿ ಏನು ಸರ್?"

"ಅದನ್ನ ಮನೇಲಿ ಬಿಟ್ ಬರ್ಬೇಕಾಗಿತ್ತು."

ಅಕ್ಕ ನಕ್ಕಳು. ಸರ್ ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ಮ್ಯಾಚಿನಲ್ಲಿ ಲೋಡರ್ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಕೋಚ್ ಹಿಂದೆ ಕುಳಿತು ಗಾಳಿ ನೋಡುತ್ತಾರೆ. ಶೂಟರಿಗೆ ಬೇಕಾದರೆ ತಿರುಗಿ ಅವರ ಕೈ ನೋಡಬಹುದು. ಐವತ್ತು ಮೀಟರಿನಲ್ಲಿ ಗಾಳಿ ಗುಂಡನ್ನು ತಳ್ಳುತ್ತದೆ. ಎಷ್ಟು ತಳ್ಳುತ್ತದೆ ಅನ್ನುವುದು ಸರ್‌ಗೆ ಗೊತ್ತಾಗುತ್ತದೆ. ಲೋಡರ್ ಅಲ್ಲಿ ಒಂದು ಕೈ, ಅಷ್ಟೇ.

ಏರ್‌ಪೋರ್ಟಿನಲ್ಲಿ ಕೌಂಟರಿನವರು ಕಾಗದ ನೋಡಿ ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕಸ್ಟಮ್ಸ್ ಆಫೀಸರ್ ಒಬ್ಬರು, ಜೊತೆಗೆ ಸೆಕ್ಯುರಿಟಿಯವರು. ರೈಫಲ್ ಕೇಸು ತೆರೆಸಿದರು. ನಂಬರಿನ ಮೇಲೆ ಟಾರ್ಚ್ ಹಾಕಿ ಕಾಗದಕ್ಕೆ ಹೋಲಿಸಿದರು. ಬೋಲ್ಟ್ ಬೇರೆ ಇದೆಯಾ, ನಳಿಗೆ ಖಾಲಿ ಇದೆಯಾ ನೋಡಿದರು. ಸ್ಪ್ರಿಂಗ್ ಸ್ಟ್ಯಾಂಡ್ ಎತ್ತಿ ಇದೇನು ಅಂದರು. ಅಕ್ಕ ಹೇಳಿದಳು. ಒಬ್ಬ ಸೆಕ್ಯುರಿಟಿಯವನು ಅದರ ಮೇಲೆ ಕೈ ಇಟ್ಟು ಒತ್ತಿ ಒತ್ತಿ ನೋಡಿ ಖುಷಿಪಟ್ಟ. ಎಲ್ಲ ಸರಿಯಾಗಿ ಹೋಗುತ್ತಿತ್ತು.

ಟ್ರಂಕ್ ತೆರೆಸಿದರು. "ಓಪನ್ ಮಾಡಿದೀರಾ ಯಾವುದಾದ್ರೂ?" ಅಂತ ಆಫೀಸರ್ ಕೇಳಿದರು. "ಇಲ್ಲ ಸರ್, ಒಂದೂ ತೆರೆದಿಲ್ಲ," ಅಂದಳು ಅಕ್ಕ. ಅವರು ಡಬ್ಬಿ ಎಣಿಸಿ ಬಿಡುತ್ತಾರೆ ಅಂದುಕೊಂಡೆ. ಆದರೆ ಒಂದೊಂದೇ ಡಬ್ಬಿಯ ತುದಿ ಬಿಡಿಸಿ ಒಳಗಿನ ಟ್ರೇ ಎಳೆದು ನೋಡಿದರು. ಟ್ರೇನಲ್ಲಿ ಐವತ್ತು ಗುಳಿ, ಗುಳಿಗೊಂದು ಗುಂಡು. ನಾಲ್ಕನೇ ಡಬ್ಬಿಯಲ್ಲಿ ಒಂದು ಗುಳಿ ಖಾಲಿ.

"ಇದ್ರಲ್ಲಿ ಒಂದಿಲ್ಲ," ಅಂದರು ಆಫೀಸರ್.

ಟ್ರಂಕ್ ತಿರುಗಿಸಿ ಹಾಕಿದೆ. ಏನೂ ಬೀಳಲಿಲ್ಲ. ರೈಫಲ್ ಕೇಸಿನ ಸ್ಪಂಜು ಎತ್ತಿ ನೋಡಿದೆ, ಚೀಲಗಳನ್ನು ನೋಡಿದೆ. ಸರ್ ನನ್ನ ಹತ್ತಿರ ಬಂದು ಬಾಯಿ ಅಲ್ಲಾಡಿಸದೆ, "ಪ್ರ್ಯಾಕ್ಟೀಸಲ್ಲಿ ಒಂದು ಒಡೆದ್ವಿ ಅನ್ನೋಣ್ವಾ?" ಅಂದರು.

ಅಕ್ಕನಿಗೆ ಕೇಳಿಸಿತು. "ಒಂದೂ ತೆರೆದಿಲ್ಲ ಅಂತ ಈಗ ತಾನೇ ಹೇಳಿದೀನಿ ಸರ್. ಬೇಡ."

ಆಗ ನನಗೆ ಹೊಳೆಯಿತು. ಬೀಗ ಹಾಕದ ಟ್ರಂಕ್. ಎಣ್ಣೆ ಕೈ. ಅವ್ವ ನನ್ನನ್ನು ಹಿತ್ತಲಿಗೆ ಕಳಿಸಿದ್ದು. ನಾನು ಡಬ್ಬಿ ಎಣಿಸಿದ್ದೆ, ಗುಂಡು ಎಣಿಸಿರಲಿಲ್ಲ. ಅಕ್ಕನ ಮನೆಗೆ ಫೋನ್ ಮಾಡಿ, ಆಫೀಸರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಮುಚ್ಚಿಟ್ಟು ಮಾತಾಡಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಅಂತ.

"ಅವ್ವ, ಟ್ರಂಕಿಂದ ಏನಾರ ತಗ್ದಾ?"

"ತಗ್ದೆ."

"ಏನ್ ತಗ್ದೆ?"

"ಒಂದೇ ಒಂದು ಕಣ್ಲಾ. ದೇವ್ರ ಗೂಡಲ್ಲಿ ಮಡಗಿದೀನಿ. ಯಾಕೆ, ಸಾಲ್ದಾ? ಅಷ್ಟೊಂದ್ ಇದ್ವಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು. "ಬೀಡಿ," ಅಂದಳು ಮೆಲ್ಲಗೆ. ನನಗೆ ಅರ್ಥವಾಗಲಿಲ್ಲ. ಆಫೀಸರಿಗೂ ಆಗಲಿಲ್ಲ. ಅವಳೇ ಹೇಳಿದಳು. ತಾತ ಶಿಫ್ಟಿಗೆ ಹೊರಡುವಾಗ ಅವ್ವ ಅವನ ಬೀಡಿ ಕಟ್ಟಿನಿಂದ ಒಂದು ಬೀಡಿ ತೆಗೆದು ದೇವರ ಗೂಡಿನಲ್ಲಿ ಇಡುತ್ತಿದ್ದಳು. ಗಣಿಯಿಂದ ಮೇಲೆ ಬಂದ ಮೇಲೆ ಅದನ್ನು ಅವನೇ ಸೇದಬೇಕು. ಅವನದೊಂದು ಮನೆಯಲ್ಲಿ ಉಳಿದಿದೆ ಅಂದರೆ ಅವನು ಅದಕ್ಕಾಗಿಯಾದರೂ ಬರಲೇಬೇಕು ಅನ್ನುವುದು ಅವಳ ಲೆಕ್ಕ. ಅಕ್ಕ ಬೀಡಿ ಸೇದುವುದಿಲ್ಲ. ಹಾಗಾಗಿ ಗುಂಡು.

ಆಫೀಸರ್ ನಗಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿಕೊಂಡರು, ಅಷ್ಟೇ. ಆಮೇಲೆ, "ಅಜ್ಜಿ ಹತ್ರ ಲೈಸೆನ್ಸ್ ಇಲ್ಲ ಅಲ್ವಾ? ಹಾಗಿದ್ರೆ ಅದು ಅಲ್ಲಿ ಇರೋ ಹಾಗಿಲ್ಲ," ಅಂದರು.

ಅವರು ಹೇಳಿದ್ದು ಇಷ್ಟು. ಒಂದು, ಟ್ರಂಕ್ ಇಲ್ಲೇ ತಮ್ಮ ವಶದಲ್ಲಿರಲಿ. ಊರಿನ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡುತ್ತಾರೆ, ಅಲ್ಲಿನವರು ಮನೆಗೆ ಹೋಗಿ ಆ ಗುಂಡು ತೆಗೆದುಕೊಳ್ಳುತ್ತಾರೆ, ನಾವು ಮೂವರೂ ಬರೀ ರೈಫಲ್ ತೆಗೆದುಕೊಂಡು ಹೋಗಬಹುದು. ಎರಡು, ಅದೇ ಬೋರಿನ ಲೈಸೆನ್ಸ್ ಇರುವವರು ಯಾರಾದರೂ ಇವತ್ತೇ ಆ ಗುಂಡನ್ನು ತಮ್ಮ ವಶಕ್ಕೆ ತೆಗೆದುಕೊಂಡು ಸ್ಟೇಷನ್ನಿಗೆ ತೋರಿಸುತ್ತೇನೆ ಅಂತ ಇಲ್ಲಿ ಬರೆದುಕೊಡಬೇಕು. ಆಗ ಕಾಗದದಲ್ಲಿ ಒಂದು ಕಡಿಮೆ ಮಾಡಿ, ಸೀಲು ಹಾಕಿ, ಟ್ರಂಕ್ ಬಿಡುತ್ತಾರೆ.

ಮೊದಲನೆಯದಾದರೆ ಅಕ್ಕ ಅಲ್ಲಿ ಯಾವುದೋ ಲಾಟಿನ ಗುಂಡು ಕೊಂಡು ಹೊಡೆಯಬೇಕು. ಅವ್ವನ ಬಾಗಿಲಿಗೆ ಪೊಲೀಸರು ಬರುತ್ತಾರೆ, ಲೈನಿನವರೆಲ್ಲ ನೋಡುತ್ತಾರೆ. ಎರಡನೆಯದಾದರೆ, ಲೈಸೆನ್ಸ್ ಇರುವುದು ಇಬ್ಬರಿಗೆ. ಅಕ್ಕ ಉಳಿಯುವಂತಿಲ್ಲ. ನಾನು ಉಳಿದು ಪ್ರಯೋಜನವಿಲ್ಲ. ನಾಳೆ ಹೋಗೋಣ ಅಂದರೆ ಗಲ್ಫಿನ ಅನುಮತಿ ಇವತ್ತಿಗೆ ಮಾತ್ರ. ಉಳಿದವರು ಆಮೇಲೆ ಬರಲು ಇನ್ನೊಂದು ಟಿಕೆಟಿಗೆ ದುಡ್ಡಿರಲಿಲ್ಲ, ಆ ಮಾತು ಯಾರೂ ಎತ್ತಲಿಲ್ಲ.

ಮೂವರಿಗೂ ಗೊತ್ತಾಗಿತ್ತು. ಸರ್ ಟ್ರಂಕಿನ ಮೇಲಿನ ಕುಂಕುಮ ನೋಡುತ್ತಾ ನಿಂತಿದ್ದರು. ಹೀಗೆ ಸುಮ್ಮನೆ ನಿಂತರೆ ವಿಮಾನ ಹೋಗುತ್ತದೆ.

"ಸರ್, ನೀವು ಉಳೀಬೇಕು," ಅಂದೆ.

"ಸುಮ್ನಿರೋ," ಅಂದಳು ಅಕ್ಕ.

ಸರ್ ನನ್ನ ಕಡೆ ತಿರುಗಿದರು. "ನಾನುಳಿದ್ರೆ ಗಾಳಿ ಯಾರೋ ನೋಡ್ತಾರೆ? ನಿಮ್ಮಪ್ಪನಾ?"

"ಗಾಳಿ ಅಕ್ಕ ನೋಡ್ಬೋದು ಸರ್. ಗುಂಡು ಅಕ್ಕ ಮಾಡೋಕಾಗಲ್ಲ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಅಕ್ಕನ ಕಡೆ ನೋಡಿದರು. "ನೀನೇಳಮ್ಮ. ನಾನಾ, ಟ್ರಂಕಾ?"

ಅಕ್ಕ ಟ್ರಂಕ್ ನೋಡಿದಳು, ಸರ್ ಮುಖ ನೋಡಿದಳು. ಅವಳಿಗೆ ಗುರಿ ಹಿಡಿಯುವುದು ಕಲಿಸಿದವರು ಅವರು. ಸ್ಟ್ಯಾಂಡಿನ ಮೇಲೆ ಹೊಡೆಯುವುದೂ ಶೂಟಿಂಗಾ ಅಂತ ಜನ ನಕ್ಕಾಗ ಅವರ ಜೊತೆ ಜಗಳಕ್ಕೆ ಹೋದವರು ಅವರು. ಆಮೇಲೆ ಅವಳು ಹೇಳಿದಳು:

"ಟ್ರಂಕು ಸರ್."

"ಸರಿ," ಅಂದರು ಸರ್. ತಮ್ಮ ಬ್ಯಾಗು ಟ್ರಾಲಿಯಿಂದ ತಾವೇ ಇಳಿಸಿದರು. ಆಫೀಸರ್ ಮುಂದೆ ಕುಳಿತು ಬರೆದು ಸಹಿ ಹಾಕಿದರು. ಕಾಗದದಲ್ಲಿ ಮುನ್ನೂರು ಹೋಗಿ ಇನ್ನೂರ ತೊಂಬತ್ತೊಂಬತ್ತು ಆಯಿತು, ಪಕ್ಕದಲ್ಲಿ ಸೀಲು ಬಿತ್ತು. ಹೊರಗೆ ಬಂದ ಮೇಲೆ ಸರ್ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಅಲ್ಲಿ ಚಳಿ. ನೀನೇನೂ ತಂದಿರಲ್ಲ." ನಿಜ, ನಾನು ಏನೂ ತಂದಿರಲಿಲ್ಲ. "ಕೈ ಬೆಚ್ಗಿಟ್ಕೊ, ಬಾಯಿ ಮುಚ್ಚಿಟ್ಕೊ," ಅಂದು, ಹಿಂದೆ ನೋಡದೆ ಬಾಗಿಲಿನ ಕಡೆ ಹೋದರು. ಹೊಸ ಶೂ ಕಚ್ಚುತ್ತಿತ್ತು ಅಂತ ಕಾಣುತ್ತದೆ, ಕುಂಟುತ್ತಿದ್ದರು.

ಗಲ್ಫಿನಲ್ಲಿ ಇಳಿದು ಕುಳಿತಿದ್ದಾಗ ಸರ್ ಫೋನ್ ಬಂತು.

"ನಿಮ್ಮವ್ವ ಕೊಡ್ತಿಲ್ಲ ಕಣಮ್ಮ. ಬಂದು ಕುಂತು ಎಷ್ಟೊತ್ತಾಯ್ತು. ಕಾಫಿ ಕೊಟ್ಲು, ಬುಲೆಟ್ ಕೊಡ್ತಿಲ್ಲ."

ಅಕ್ಕ ಅವ್ವನಿಗೆ ಕೊಡಿ ಅಂದಳು. "ಅವ್ವ, ಕೊಟ್ಬಿಡು. ಇಲ್ಲಾಂದ್ರೆ ಪೊಲೀಸ್ರು ಬರ್ತಾರೆ."

"ಬರ್ಲಿ. ಅವ್ರಿಗೂ ಕಾಫಿ ಕೊಡ್ತೀನಿ. ನೀನು ಬರೋಗಂಟ ಅದು ಗೂಡು ಬಿಟ್ಟು ಅಲ್ಲಾಡಲ್ಲ."

"ಸರ್ ಬರೆದುಕೊಟ್ಟಿದಾರೆ ಅವ್ವ. ಅವರಿಗೆ ತೊಂದ್ರೆ ಆಗುತ್ತೆ."

"ಅವ್ನಿಗ್ಯಾಕೆ ತೊಂದ್ರೆ, ಒಳ್ಳೆ ಮನುಷ್ಯ. ಬೇರೆ ಏನಾರ ನಿಂದು ಮಡಗೋಣಾ ಅಂದ್ರೆ ಎಲ್ಲಾ ತಗೊಂಡೋಗಿದೀಯ. ಮನೇಲಿ ಬಿಟ್ಟೋಗಿರೋದು ಆಗಲ್ಲ, ನಿನ್ ಜೊತೆಗೆ ಒಂಟಿದ್ದೇ ಒಂದು ಇಲ್ಲಿ ಉಳೀಬೇಕು."

ಅಕ್ಕ ನನ್ನ ಮುಖ ನೋಡಿದಳು. ಆ ಕಡೆ ಸರ್ ಧ್ವನಿ ಕೇಳಿಸಿತು. ಫೋನ್ ಅವ್ವನ ಕೈಯಲ್ಲೇ ಇತ್ತು.

"ಅಮ್ಮಾ, ಜೊತೆಗೊಂಟಿದ್ದು ಒಂದು ಉಳೀಬೇಕು, ಅಷ್ಟೇ ತಾನೇ? ಮೂರು ಜನ ಊರು ಬಿಟ್ಟು ಒಂಟಿದ್ವಿ. ಒಬ್ಬ ನಿಮ್ಮನೇಲಿ ಕುಂತಿದೀನಿ. ಬುಲೆಟ್ ಬದ್ಲು ನನ್ನಿಟ್ಕೊಳ್ಳಿ."

ಅವ್ವ ಯೋಚಿಸುತ್ತಿದ್ದಳು. ತಮಾಷೆಗೆ ಅಲ್ಲ, ನಿಜವಾಗಿ ಯೋಚಿಸುತ್ತಿದ್ದಳು.

"ದಿನಾ ಬತ್ತೀಯಾ?"

"ಬತ್ತೀನಿ."

"ಗೂಡಿನ ಮುಂದೆ ಕುಂತು ಉಣ್ಬೇಕು. ಅರ್ಧಕ್ಕೇಳಂಗಿಲ್ಲ."

"ಉಣ್ತೀನಮ್ಮ."

"ಶುಗರ್ ಇದ್ಯಾ ನಿಂಗೆ?"

"ಇದೆ."

"ಆಗಿದ್ರೆ ಮುದ್ದೆ," ಅಂದಳು ಅವ್ವ. ಗುಂಡು ಕೊಟ್ಟಳು. ಸರ್ ಹಣೆಗೆ ಕುಂಕುಮ ಇಟ್ಟಳಂತೆ. ಅವರು ಹಾಗೇ ಸ್ಟೇಷನ್ನಿಗೆ ಹೋಗಿ ಗುಂಡು ತೋರಿಸಿ ಬರೆಸಿಕೊಂಡು ಬಂದರು. ಮಾರನೇ ದಿನದಿಂದ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್‌ನಲ್ಲಿ ಇಳಿದು, ಮುದ್ದೆ ಉಂಡು ಹೋಗುವುದು ಅವರ ಡ್ಯೂಟಿ ಆಯಿತು.

ಕ್ರೊಯೇಷಿಯಾದಲ್ಲಿ ನಮ್ಮ ಚೀಲಗಳು ಎಲ್ಲರ ಜೊತೆ ಬೆಲ್ಟಿನ ಮೇಲೆ ಬಂದವು. ರೈಫಲ್ ಮತ್ತು ಟ್ರಂಕ್ ಬರಲಿಲ್ಲ. ಅವನ್ನು ಪೊಲೀಸರ ಕೋಣೆಗೆ ಒಯ್ದಿದ್ದರು. ಅಲ್ಲಿಯೂ ಎಣಿಸಿದರು. ಅವರ ಅನುಮತಿಯಲ್ಲಿ ಮುನ್ನೂರು ಇತ್ತು, ಎಣಿಸಿದರೆ ಒಂದು ಕಡಿಮೆ. ಅಕ್ಕ ನಮ್ಮ ಕಸ್ಟಮ್ಸ್‌ನವರು ಸೀಲು ಹಾಕಿದ ಕಾಗದ ತೋರಿಸಿದಳು. ಪೊಲೀಸ್ ಎರಡು ಕಾಗದವನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ತಲೆಯಾಡಿಸಿ, ಸಹಿ ಹಾಕಿದ. ಆ ಸೀಲು ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಬೆಂಗಳೂರಿನ ಆಫೀಸರ್ ಎಣಿಸಿದ್ದಕ್ಕೆ ನನಗಿದ್ದ ಸಿಟ್ಟು ಆಗ ಹೋಯಿತು.

ಮ್ಯಾಚಿನ ಹಿಂದಿನ ದಿನ ಸಲಕರಣೆಯ ಚೆಕಿಂಗ್. ಸ್ಟ್ಯಾಂಡಿನ ಸ್ಪ್ರಿಂಗ್ ಎಷ್ಟು ಮೆದುವಾಗಿರಬೇಕು ಅಂತ ಅಳತೆ ಇದೆ, ಪಾಸಾಯಿತು. ಪ್ರ್ಯಾಕ್ಟೀಸಿನಲ್ಲಿ ಆ ಲಾಟಿನ ಗುಂಡು ಹಾಕಿ ನೋಡಿದೆವು. ಇಷ್ಟು ದೂರ ಬಂದರೂ ಅದೇ ಕಡ್ಲೆಬೀಜದ ತೂತು. ಅಕ್ಕ ಅವತ್ತು ಮೊದಲ ಸಲ ಸರಿಯಾಗಿ ಊಟ ಮಾಡಿದಳು.

ಮ್ಯಾಚಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಅಕ್ಕ ಟೇಬಲ್ಲಿಗೆ ಒರಗಿ ಕುಳಿತಳು, ನಾನು ಎಡಗಡೆ. ನಮ್ಮ ಹಿಂದೆ ಕೋಚಿನ ಕುರ್ಚಿ ಖಾಲಿ. ನನ್ನ ಕೆಲಸ ಹೀಗೆ: ಬೋಲ್ಟ್ ತೆರೆ, ಖಾಲಿ ಕೊಳವೆ ಹೊರಗೆ ಬೀಳುತ್ತದೆ, ಹೊಸ ಗುಂಡಿನ ಅಂಚು ನೋಡು, ಕೊಳೆ ಇದ್ದರೆ ಬಿಡು, ಬೆರಳಲ್ಲಿ ಮೆಲ್ಲಗೆ ತಳ್ಳು, ಬೋಲ್ಟ್ ಮುಚ್ಚು, ಕೈ ತೆಗೆ. ಅಕ್ಕ ತಲೆ ಆಡಿಸಿದರೆ ಮಾತ್ರ ತುಂಬಬೇಕು. ಮೊದಲ ಸೀರೀಸು, ಅಂದರೆ ಮೊದಲ ಹತ್ತು ಗುಂಡು, ಚೆನ್ನಾಗಿ ಹೋಯಿತು, ಎರಡನೆಯದೂ ಹೋಯಿತು.

ಮೂರನೆಯದರ ನಡುವೆ ಗಾಳಿ ಎದ್ದಿತು. ರೇಂಜಿನ ಉದ್ದಕ್ಕೂ ಪುಟ್ಟ ಬಾವುಟಗಳನ್ನು ನೆಟ್ಟಿರುತ್ತಾರೆ. ಹತ್ತಿರದವು ಎಡಕ್ಕೆ, ದೂರದವು ಬಲಕ್ಕೆ ಹಾರತೊಡಗಿದವು. ಅಕ್ಕ ಹೊಡೆದ ಗುಂಡು ಒಂದು ನಡುವಿನ ವೃತ್ತದ ಹೊರಗೆ ಬಿತ್ತು. ಇನ್ನೊಂದು ಹೊಡೆದಳು, ಅದೂ ಹೊರಗೆ. ಅವಳು ತಿರುಗಿ ಹಿಂದೆ ನೋಡಿದಳು, ಅಭ್ಯಾಸ. ಕುರ್ಚಿ ಖಾಲಿ. ನೀವು ಉಳೀಬೇಕು ಅಂದವನು ನಾನೇ.

ಆಮೇಲೆ ಅವಳು ತಲೆ ಆಡಿಸುವುದನ್ನು ನಿಲ್ಲಿಸಿದಳು.

ಗುಂಡು ಹಿಡಿದು ಕಾದೆ. ಬಿಸಿ ನಳಿಗೆಯೊಳಗೆ ತುಂಬಿಟ್ಟು ಕಾಯುವಂತಿಲ್ಲ, ಬೆರಳಲ್ಲಿ ಹಿಡಿದುಕೊಂಡು ಕೂರುವಂತೆಯೂ ಇಲ್ಲ. ಬಿಸಿಯಾದ ಗುಂಡು ಸ್ವಲ್ಪ ಜೋರಾಗಿ ಹೋಗಿ ಮೇಲೆ ಬೀಳುತ್ತದೆ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡೆ. ಅದೂ ಬೆಚ್ಚಗಾಯಿತು, ಪಕ್ಕಕ್ಕಿಟ್ಟೆ. ಅಕ್ಕಪಕ್ಕದವರು ಹೊಡೆಯುತ್ತಲೇ ಇದ್ದರು. ಗಡಿಯಾರ ಓಡುತ್ತಿತ್ತು. ಸರ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಮ್ಮುತ್ತಿದ್ದರು. ಸರ್ ಕೆಮ್ಮಿದರೆ ಹೊತ್ತಾಯಿತು, ಹೊಡಿ ಅಂತ ಅರ್ಥ. ಹೊತ್ತಾಯ್ತು ಅಕ್ಕ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಶಿಕ್ಷೆ ಅವಳಿಗೆ. ಹಲ್ಲು ಕಚ್ಚಿ ಕುಳಿತೆ.

ಅಕ್ಕ ಬಾವುಟಗಳನ್ನೇ ನೋಡುತ್ತಿದ್ದಳು. ಮಕ್ಕಳು ಉತ್ತರ ಹೇಳಲಿ ಅಂತ ಕ್ಲಾಸಿನಲ್ಲಿ ಕಾಯುವ ಹಾಗೆ. ಎಷ್ಟು ಹೊತ್ತೋ. ಕೊನೆಗೆ ದೂರದ ಬಾವುಟ ಜೋತುಬಿತ್ತು, ಆಮೇಲೆ ಹತ್ತಿರದವು. ಅವಳು ತಲೆ ಆಡಿಸಿದಳು. ತಣ್ಣಗಿದ್ದ ಗುಂಡು ತುಂಬಿದೆ. ಒಳಗೆ. ಮತ್ತೆ ತಲೆ ಆಡಿಸಿದಳು. ಒಳಗೆ. ಗಾಳಿ ಮಲಗಿದ್ದಷ್ಟು ಹೊತ್ತು ಹೊಡೆದಳು, ಎದ್ದರೆ ನಿಂತಳು, ಮಲಗಿದರೆ ಮತ್ತೆ ಹೊಡೆದಳು. ಕೊನೆಯ ಗುಂಡು ಹೋದಾಗ ಗಡಿಯಾರದಲ್ಲಿ ಉಳಿದಿದ್ದ ಹೊತ್ತಿನಲ್ಲಿ ಇನ್ನೊಂದು ಗುಂಡು ತುಂಬಲೂ ಆಗುತ್ತಿರಲಿಲ್ಲ.

ಪದಕ ಬರಲಿಲ್ಲ. ಅದರ ಹತ್ತಿರವೂ ಹೋಗಲಿಲ್ಲ. ಬೇಕಾಗಿದ್ದ ಸ್ಕೋರಿಗಿಂತ ಒಂದು ಕೂದಲೆಳೆ ಮೇಲೆ ಬಂತು. ತಂಡದಲ್ಲಿ ಜಾಗ ಸಿಕ್ಕಿತು.

ರೂಮಿಗೆ ಬಂದು ಫೋನ್ ಮಾಡಿದೆವು. ಸರ್ ಅವ್ವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಅಕ್ಕ ಸ್ಕೋರ್ ಹೇಳಿದಳು. ಅವರು ಸೀರೀಸ್ ಸೀರೀಸ್ ಕೇಳಿದರು. ಮೂರನೆಯದಕ್ಕೆ ಬಂದಾಗ, "ಅಲ್ಲೇನಾಯ್ತು?" ಅಂದರು.

"ಗಾಳಿ ಎದ್ದಿತ್ತು ಸರ್. ಎರಡು ಹೋದ್ವು. ಆಮೇಲೆ ಕಾದೆ."

"ಎಷ್ಟೊತ್ತು ಕಾದೆ?"

"ತುಂಬಾ ಹೊತ್ತು. ಇವನು ಪಕ್ಕದಲ್ಲಿ ಸಾಯ್ತಿದ್ದ."

ಆ ಕಡೆ ತಟ್ಟೆ ಸರಿಸಿದ ಸದ್ದು ಬಂತು.

"ನಾನಿದ್ದಿದ್ರೆ ಕೆಮ್ತಿದ್ದೆ," ಅಂದರು.

"ಹೂಂ ಸರ್."

"ನೀನು ಒಡೀತಿದ್ದೆ."

ಅಕ್ಕ ತಲೆ ಆಡಿಸಿದಳು, ಫೋನಿನಲ್ಲಿ ಅದು ಕಾಣುವುದಿಲ್ಲ ಅನ್ನುವುದು ಮರೆತು.

"ಆ ಗಾಳೀಲಿ ಒಡೆದಿದ್ರೆ ಜಾಗ ಓಗ್ತಿತ್ತು ಕಣಮ್ಮ. ನಾನು ಬರ್ದೇ ಇದ್ದಿದ್ದೇ ಒಳ್ಳೇದಾಯ್ತು."

"ಹಂಗೆಲ್ಲ ಮಾತಾಡಿದ್ರೆ ಫೋನ್ ಇಟ್ಬಿಡ್ತೀನಿ ಸರ್."

"ಇಡು. ಮುದ್ದೆ ಆರ್ತದೆ."

ಅಕ್ಕ ಇಡಲಿಲ್ಲ. ಅವರೂ ಇಡಲಿಲ್ಲ. ಆ ಕಡೆ ತಟ್ಟೆಯ ಸದ್ದು, ಇನ್ನಷ್ಟು ಸಾರು ಹಾಕಿಸಿಕೋ ಅಂತ ಅವ್ವ ಬೈಯುವ ಸದ್ದು ಕೇಳುತ್ತಿತ್ತು. ಈ ಕಡೆ ಅಕ್ಕ ಕೈ ಎತ್ತಿ ಕಣ್ಣು ಒರೆಸಿಕೊಳ್ಳಲು ಆಗದೆ ಮುಖವನ್ನು ಭುಜಕ್ಕೆ ಒತ್ತಿಕೊಂಡಳು. ನಾನು ಆ ಕಡೆ ತಿರುಗಿ ಕುಳಿತು, ನಳಿಗೆಗೆ ರಾಡ್ ಹಾಕಿ ಮಸಿ ತೆಗೆಯತೊಡಗಿದೆ.